ತವರಿನ ಬೋರ್‌ವೆಲ್, ಕೆರೆಯ ನೀರು ಮತ್ತು ಒಂದು ವಿಜ್ಞಾನ ವರದಿ: ಹಿತಾಸಕ್ತಿ ಘೋಷಣೆಯ ಅನುಭವ

ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬಂದ ಮೇಲೆ ಇಲ್ಲಿನ ಕೊಳವೆಬಾವಿಗಳಲ್ಲಿ ಏನು ಬದಲಾಗಿದೆ ಎಂಬ ಬಗ್ಗೆ ನಾನು ಬರೆದ ದೀರ್ಘ ಲೇಖನ ಈಚೆಗೆ ಒಂದು ಕನ್ನಡ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಲೇಖನದಲ್ಲಿ ಹೇಳಿದ್ದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅದನ್ನು ಬರೆಯಲು ನನಗೆ ಹಕ್ಕಿದೆಯೇ, ಯಾರ ಹಣದಲ್ಲಿ ನಡೆದ ಪರೀಕ್ಷೆಯನ್ನು ಎಷ್ಟು ನಂಬಬೇಕು, ಓದುಗರಿಗೆ ಇದನ್ನೆಲ್ಲ ಎಲ್ಲಿ ಮತ್ತು ಹೇಗೆ ತಿಳಿಸಬೇಕು ಎಂಬ ಪ್ರಶ್ನೆಗಳನ್ನು ಬಗೆಹರಿಸಿಕೊಳ್ಳಲು, ಬರೆಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಜಿಲ್ಲಾ ಮಟ್ಟದಲ್ಲಿ ವಿಜ್ಞಾನ, ಆರೋಗ್ಯ, ಕೃಷಿ ವಿಷಯಗಳನ್ನು ಬರೆಯುವ ಗೆಳೆಯ ಗೆಳತಿಯರು ಇದೇ ದಾರಿಯಲ್ಲಿ ಬರುವಾಗ ಅವರಿಗೆ ಗೊಂದಲ ಕಡಿಮೆಯಾಗಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಎಲ್ಲರ ಬಾಯಲ್ಲಿರುವ ಕೆ.ಸಿ. ವ್ಯಾಲಿಯ, ನೀರು 2018ರ ಜೂನ್‌ನಲ್ಲಿ ಬಂದಿತು. ಯೋಜನೆಯ ಪ್ರಕಾರ 440 ಎಂಎಲ್‌ಡಿ, ಎಂದರೆ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಸಂಸ್ಕರಣೆಯ ಎರಡನೇ ಹಂತದವರೆಗೆ, ಅಂದರೆ ಘನ ಕೊಳೆ ತೆಗೆದು ಉಳಿದ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳಿಂದ ಕರಗಿಸುವವರೆಗೆ, ಶುದ್ಧೀಕರಿಸಿ ಕೆರೆಗಳಿಗೆ ಹರಿಸಬೇಕು. ಅದು ನೇರ ಬಳಕೆಗಲ್ಲ, ಇಂಗಿ ಅಂತರ್ಜಲ ಸೇರುವುದಕ್ಕೆ. ಮೊದಲು ತುಂಬಿದ ಲಕ್ಷ್ಮೀಸಾಗರ ಕೆರೆಯಲ್ಲಿ ಅದೇ ಜುಲೈನಲ್ಲಿ ನೊರೆ ಕಾಣಿಸಿಕೊಂಡಿತು, ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆ ನೀಡಿತು, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರಲ್ಲಿ ಅಲ್ಲಿಯೂ ಮೊದಲು ತಡೆ, ಬಳಿಕ ತೆರವು ಆಯಿತು. ಅಂದಿನಿಂದ ಈ ನೀರು ಇಲ್ಲಿ ಬರೀ ನೀರಾಗಿ ಉಳಿದಿಲ್ಲ. ಒಬ್ಬರಿಗೆ ಅದು ಮರುಜೀವ, ಇನ್ನೊಬ್ಬರಿಗೆ ವಿಷ. ನಡುವೆ ನಿಂತು ಅಳತೆಯ ಮಾತನಾಡುವವರನ್ನು ಎರಡೂ ಕಡೆಯವರು ಅನುಮಾನದಿಂದಲೇ ನೋಡುತ್ತಾರೆ.

ಸಂಪಾದಕರು ಈ ವಿಷಯದ ಮೇಲೆ ಬರೆದುಕೊಡಲು ಕೇಳಿದಾಗ ನಾನು ಒಪ್ಪಿಗೆ ಹೇಳುವ ಮೊದಲು ಒಂದು ಪತ್ರ ಬರೆದೆ. ನನ್ನ ತವರಿನ ಜಮೀನು ಈ ನೀರು ತುಂಬುವ ಒಂದು ಕೆರೆಯ ಅಚ್ಚುಕಟ್ಟಿನಲ್ಲಿದೆ. ಅಣ್ಣ ಅಲ್ಲಿ ಟೊಮೆಟೊ ಬೆಳೆಯುತ್ತಾನೆ. ಹಿಂದೆ ಬತ್ತಿಹೋಗಿದ್ದ ನಮ್ಮ ಬೋರ್‌ವೆಲ್‌ನಲ್ಲಿ ಕೆರೆ ತುಂಬಿದ ಮೇಲೆ ಮತ್ತೆ ನೀರು ಬಂದಿದೆ. ಇಷ್ಟನ್ನು ಬರೆದು, ಜಮೀನು ಅಣ್ಣನದು ಎಂದು ಸೇರಿಸುವ ಮುನ್ನ ನಾಡಕಚೇರಿಯಿಂದ ಪಹಣಿ ತೆಗೆಸಿ ನೋಡಿದೆ. ಅಪ್ಪ ತೀರಿಕೊಂಡ ಮೇಲೆ ಆದ ಪೌತಿ ಖಾತೆಯಲ್ಲಿ ಅಮ್ಮ, ಅಣ್ಣ ಇಬ್ಬರ ಜತೆಗೆ ನನ್ನ ಹೆಸರೂ ಜಂಟಿಯಾಗಿ ಇತ್ತು. ಹಾಗಾಗಿ ಇದು ಬರೀ ಬಂಧುವಿನ ಹಿತಾಸಕ್ತಿಯಲ್ಲ, ಕಾಗದದ ಮೇಲೆ ನನ್ನದೇ ಆಸ್ತಿಯ ಹಿತಾಸಕ್ತಿ. ಪತ್ರದಲ್ಲಿ ಅದನ್ನೂ ಬರೆದೆ. ಹಳ್ಳಿಯ ಮೂಲ ಇರುವ ಬರಹಗಾರರಿಗೆ ನನ್ನ ಮೊದಲ ಸಲಹೆ ಇದು: ನೆನಪನ್ನು ನಂಬಬೇಡಿ, ಪಹಣಿ, ಖಾತೆ, ಸಹಕಾರ ಸಂಘದ ಷೇರು, ಹಾಲಿನ ಡೇರಿಯ ಸದಸ್ಯತ್ವ ಎಲ್ಲವನ್ನೂ ಒಮ್ಮೆ ತೆಗೆದು ನೋಡಿ.

ಪತ್ರಿಕೆಯಲ್ಲಿ ಇಂಥ ಘೋಷಣೆಗೆ ನಮೂನೆಯೇ ಇರಲಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಸಂಶೋಧಕರಿಂದ ತುಂಬಿಸಿಕೊಳ್ಳುವ ನಮೂನೆಯನ್ನು ನಾನು ಮಾದರಿಯಾಗಿ ಇಟ್ಟುಕೊಂಡೆ. ಈ ಕೆಲಸಕ್ಕೆ ಯಾರಿಂದ ನೆರವು ಬಂದಿದೆ, ಕಳೆದ 36 ತಿಂಗಳಲ್ಲಿ ಸಂಬಂಧಪಟ್ಟ ಯಾವ ಸಂಸ್ಥೆಯಿಂದ ಅನುದಾನ, ಸಂಭಾವನೆ, ಪ್ರಯಾಣ ವೆಚ್ಚ ಪಡೆದಿದ್ದೀರಿ, ಷೇರು ಅಥವಾ ಪದವಿ ಏನಾದರೂ ಇದೆಯೇ ಎಂದು ಅದು ಕೇಳುತ್ತದೆ. ಪತ್ರಕರ್ತರಿಗಾಗಿ ಮಾಡಿದ್ದಲ್ಲದಿದ್ದರೂ ನಮ್ಮ ಕೆಲಸಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ನೀರಿನ ಗುಣಮಟ್ಟದ ಬಗ್ಗೆ ಇಲಾಖೆಯೊಂದು ನಡೆಸಿದ ತರಬೇತಿಯಲ್ಲಿ ಉಪನ್ಯಾಸ ಕೊಟ್ಟು ಗೌರವಧನ ಪಡೆದದ್ದು ಆ ಅವಧಿಗಿಂತ ಹಿಂದಿನದು, ಆದರೂ ಬರೆದೆ.

ಸಂಪಾದಕರ ಉತ್ತರಕ್ಕೆ ಸಾಕಷ್ಟು ಕಾಯಬೇಕಾಯಿತು. ಕೊನೆಗೆ ಅವರೇ ಫೋನ್ ಮಾಡಿ, "ಮೇಡಂ, ಇಷ್ಟೆಲ್ಲ ಹೇಳಿಕೊಂಡರೆ ಓದುವವರು ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ, ಬೇರೆಯವರಿಂದಲೇ ಬರೆಸೋಣವೇ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೇರೆಯವರು ಯಾರು ಎಂದು ಇಬ್ಬರೂ ಕೂತು ಯೋಚಿಸಿದಾಗ ಕೋಲಾರದಲ್ಲಿ ಈ ನೀರಿನೊಂದಿಗೆ ಸಂಬಂಧವಿಲ್ಲದ ಬರಹಗಾರರು ಸಿಗಲಿಲ್ಲ. ಒಬ್ಬರು ಹೋರಾಟದ ವೇದಿಕೆಗಳಲ್ಲಿ ಮಾತನಾಡಿದವರು, ಇನ್ನೊಬ್ಬರ ಮನೆಯವರು ನೀರಿನ ಟ್ಯಾಂಕರ್ ಓಡಿಸುವವರು, ಮತ್ತೊಬ್ಬರ ಪತ್ರಿಕೆ ಸರ್ಕಾರಿ ಜಾಹೀರಾತಿನ ಮೇಲೆಯೇ ನಡೆಯುವಂಥದ್ದು. ಬೆಂಗಳೂರಿನಿಂದ ಒಬ್ಬರನ್ನು ಕಳುಹಿಸಿದರೂ ಅವರು ಆ ಕೊಳಚೆಯನ್ನು ಹೊರಗೆ ಸಾಗಿಸಬೇಕಾದ ನಗರದ ನಿವಾಸಿಯೇ ಆಗಿರುತ್ತಾರೆ. ಹಿತಾಸಕ್ತಿಯೇ ಇಲ್ಲದ ಮನುಷ್ಯರನ್ನು ಹುಡುಕುವುದಕ್ಕಿಂತ, ಇರುವ ಹಿತಾಸಕ್ತಿ ಬರಹದ ಯಾವ ಭಾಗವನ್ನು ಮುಟ್ಟಬಹುದು ಎಂದು ಗುರುತಿಸಿ ಆ ಭಾಗವನ್ನು ನಮ್ಮ ಕೈಯಿಂದ ಹೊರಗಿಡುವುದು ಸಾಧ್ಯವಿರುವ ಕೆಲಸ ಎಂದು ನಾನು ಹೇಳಿದೆ. ಅವರು ಒಪ್ಪಿದರು. ಲಿಖಿತವಾಗಿ ಮೂರು ಮಾತು ಆದವು: ನಮ್ಮ ಕೆರೆ ಮತ್ತು ನಮ್ಮ ಬೋರ್‌ವೆಲ್ ಲೇಖನದ ಸಾಕ್ಷ್ಯದಲ್ಲಿ ಬರಬಾರದು, ಮಾದರಿ ತೆಗೆಯುವ ಜಾಗಗಳನ್ನು ಪತ್ರಿಕೆಯವರು ಆರಿಸಬೇಕು, ಘೋಷಣೆ ಲೇಖನದ ಜೊತೆಯಲ್ಲೇ ಅಚ್ಚಾಗಬೇಕು.

ಅಣ್ಣನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. "ನಿನ್ನ ಹೆಸರಿನ ಜೊತೆ ನಮ್ಮ ತೋಟದ ವಿಷಯವನ್ನೂ ಯಾಕಮ್ಮ ಬರೀಬೇಕು? ನಾಳೆ ನೀರು ಸರಿಯಿಲ್ಲ ಅಂತ ಏನಾದರೂ ಬಂದರೆ ಮಂಡಿಯಲ್ಲಿ ನನ್ನ ಬಾಕ್ಸಿಗೆ ಯಾರು ಬೆಲೆ ಕಟ್ಟುತ್ತಾರೆ?" ಎಂದು ಕೇಳಿದ. ಅತ್ತಿಗೆ ಏನೂ ಮಾತನಾಡಲಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಹರಾಜಿಗೆ ನಿಂತ ರೈತನಿಗೆ ಒಂದು ಗಾಳಿಮಾತು ಎಷ್ಟು ನಷ್ಟ ತರಬಲ್ಲದು ಎಂಬುದು ನನಗೂ ಗೊತ್ತಿರುವುದರಿಂದ ಅವನಿಗೆ ಸಮಾಧಾನ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಹಳ್ಳಿಯ ಹೆಸರು, ಕೆರೆಯ ಹೆಸರು ಬರೆಯದೆ "ಈ ನೀರು ತುಂಬುವ ಒಂದು ಕೆರೆಯ ಅಚ್ಚುಕಟ್ಟಿನಲ್ಲಿ ಲೇಖಕಿಗೆ ಜಂಟಿ ಜಮೀನಿದೆ" ಎಂದಷ್ಟೇ ಹಾಕುವುದು ಎಂದು ತೀರ್ಮಾನಿಸಿದೆವು. ಓದುಗರಿಗೆ ಬೇಕಾದದ್ದು ಸಂಬಂಧದ ಸ್ವರೂಪ, ಮನೆಯ ವಿಳಾಸವಲ್ಲ. ನಿಮ್ಮ ಘೋಷಣೆಯಲ್ಲಿ ಮನೆಯವರ ಪ್ರಸ್ತಾಪವಿದ್ದರೆ ಅಚ್ಚಿಗೆ ಹೋಗುವ ಮುನ್ನವೇ ಅವರೊಂದಿಗೆ ಕೂತು ಮಾತನಾಡಿ.

ಮುಂದಿನದು ಮಾಹಿತಿ ಹಕ್ಕಿನ ಅರ್ಜಿ. ನೀರಿನ ಪರೀಕ್ಷಾ ವರದಿಗಳನ್ನು ಉಲ್ಲೇಖಿಸಿ ಪರ, ವಿರೋಧ ಎರಡೂ ಕಡೆಯವರು ಭಾಷಣ ಮಾಡುತ್ತಾರೆ; ಆದರೆ ಆ ಮಾದರಿಯನ್ನು ಯಾರು ತೆಗೆದರು, ಎಲ್ಲಿಂದ ತೆಗೆದರು, ಪರೀಕ್ಷೆಯ ಶುಲ್ಕ ಯಾರು ಕಟ್ಟಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಹೊಸಬರಿಗೆ ಗೊತ್ತಿರಬೇಕಾದ ಕೆಲವು ವಿಷಯಗಳಿವೆ. ಅರ್ಜಿಯನ್ನು ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ಬರೆಯದೆ ನಿಮ್ಮ ಸ್ವಂತ ಹೆಸರಿನಲ್ಲಿ ಕೊಡಿ, ಏಕೆಂದರೆ ಕಾಯ್ದೆಯು ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ಪರೀಕ್ಷಾ ವರದಿಗಳ ಪ್ರತಿ, ಪ್ರಯೋಗಾಲಯದೊಂದಿಗಿನ ಒಪ್ಪಂದ, ಪಾವತಿಯ ವಿವರ ಇವಕ್ಕೆ ಬೇರೆ ಬೇರೆ ಅರ್ಜಿ ಹಾಕಿದೆ. ಒಂದೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್, ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕು ಎಂದು ಕಚೇರಿಯಲ್ಲಿ ಕೇಳಿದರೆ ಕಾರಣ ಹೇಳುವ ಅಗತ್ಯವಿಲ್ಲ ಎಂಬುದು 6(2)ನೇ ಕಲಮಿನಲ್ಲೇ ಇದೆ. ನಾನು ಮಾತ್ರ ಕೇಳಿದವರಿಗೆ ಲೇಖನಕ್ಕಾಗಿ ಎಂದೇ ಹೇಳಿದೆ. ಬೇರೆಯವರ ಹಿತಾಸಕ್ತಿಯನ್ನು ಕೆದಕಲು ಹೋದವಳು ನನ್ನ ಉದ್ದೇಶವನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ.

ಒಂದು ಕಚೇರಿಯಿಂದ ಕಾಲಕ್ಕೆ ಸರಿಯಾಗಿ, ಕೇಳಿದ್ದಕ್ಕಿಂತ ಹೆಚ್ಚೇ ಕಾಗದ ಬಂದಿತು. ಇನ್ನೊಂದು ಕಚೇರಿಯವರು ಅರ್ಜಿ ತಮಗೆ ಸಂಬಂಧಿಸಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಸಂಬಂಧಿಸದ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ 5 ದಿನದೊಳಗೆ ವರ್ಗಾಯಿಸುವ ಹೊಣೆ ಅವರದ್ದೇ ಎಂದು 6(3) ಹೇಳುತ್ತದೆ. ಅದನ್ನು ಉಲ್ಲೇಖಿಸಿ ಮತ್ತೆ ಬರೆದ ಮೇಲೆ ವರ್ಗಾವಣೆಯಾಯಿತು. ಅಲ್ಲಿಂದ 30 ದಿನ ದಾಟಿತು. ಮೊದಲ ಮೇಲ್ಮನವಿ ಸಲ್ಲಿಸಿದೆ. ಮೇಲ್ಮನವಿಗೆ ಗಡುವು ಮುಗಿದ ದಿನದಿಂದ ಇನ್ನೊಂದು 30 ದಿನದ ಅವಕಾಶವಷ್ಟೇ ಇರುವುದರಿಂದ ಕಚೇರಿಯವರು ಕೊಡುವ "ಮುಂದಿನ ವಾರ ಬನ್ನಿ" ಎಂಬ ಭರವಸೆಯ ಮೇಲೆ ಕೂರಬೇಡಿ. ಮೇಲ್ಮನವಿಯ ನೋಟಿಸ್ ತಲುಪಿದ ಮೇಲೆ ಪ್ರತಿಗಳು ಸಿದ್ಧವಿವೆ, ಪುಟಗಳ ಶುಲ್ಕ ಕಟ್ಟಿ ಎಂಬ ಪತ್ರ ಬಂತು. ಗಡುವು ಮೀರಿದ ಮೇಲೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು ಎಂಬುದು 7(6)ರಲ್ಲಿದೆ ಎಂದು ಬರೆದುಕೊಟ್ಟೆ. ಮೊತ್ತ ದೊಡ್ಡದಲ್ಲದಿದ್ದರೂ ಮುಂದೆ ಬರುವವರಿಗೆ ಅದು ರೂಢಿಯಾಗಬಾರದು.

ಈ ಕಾಯುವಿಕೆಯ ನಡುವೆಯೇ ಎರಡು ಆಹ್ವಾನಗಳು ಬಂದವು. ನೀರು ಸಂಸ್ಕರಣೆಯ ಉಪಕರಣ ಮಾರುವ ಕಂಪನಿಯೊಂದರ ಪ್ರತಿನಿಧಿ, ಬೆಂಗಳೂರಿನ ಘಟಕಗಳನ್ನು ತೋರಿಸಲು ಕಾರು ಕಳುಹಿಸುತ್ತೇವೆ, ಊಟ, ವಸತಿ ನಮ್ಮದು, ಬಂದ ಪತ್ರಕರ್ತರಿಗೆ ಒಂದು ಕಿಟ್ ಕೊಡುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ಯೋಜನೆಯನ್ನು ವಿರೋಧಿಸುವ ಒಂದು ಗುಂಪಿನ ಹಿರಿಯರು ಮನೆಗೆ ಬಂದು, "ನಮ್ಮ ಮಕ್ಕಳ ಭವಿಷ್ಯದ ಪ್ರಶ್ನೆ ತಾಯಿ, ಪರೀಕ್ಷೆಯ ಖರ್ಚು ನಾವು ಹಾಕಿಕೊಳ್ಳುತ್ತೇವೆ, ನೀವು ಸತ್ಯ ಬರೆಯಿರಿ" ಎಂದರು. ಕಂಪನಿಗೆ ಬೇಡವೆನ್ನುವುದು ಸುಲಭವಾಗಿತ್ತು. ಹಿರಿಯರಿಗೆ ಬೇಡವೆನ್ನುವಾಗ ಮನಸ್ಸು ನೊಂದಿತು, ಏಕೆಂದರೆ ಅವರ ಕಾಳಜಿಯಲ್ಲಿ ನನಗೆ ಸಂಶಯವಿರಲಿಲ್ಲ. ಆದರೂ ಅವರ ಹಣದಲ್ಲಿ ಬಂದ ಫಲಿತಾಂಶ ಅವರಿಗೆ ಅನುಕೂಲವಾಗಿದ್ದರೆ ಯಾರೂ ನಂಬುವುದಿಲ್ಲ, ಪ್ರತಿಕೂಲವಾಗಿದ್ದರೆ ಅದನ್ನು ಪ್ರಕಟಿಸುವಾಗ ನನ್ನ ಕೈ ತಡೆಯುತ್ತದೆ. ಒಳ್ಳೆಯ ಉದ್ದೇಶದ ಹಣವೂ ಹಣವೇ. ವಿಜ್ಞಾನ ವರದಿಗಾರಿಕೆಯಲ್ಲಿ ನಾವು ಕಂಪನಿಗಳ ಹಣವನ್ನು ಗುರುತಿಸಲು ಕಲಿತಿದ್ದೇವೆ. ನಮಗೆ ಪ್ರಿಯವಾದ ಹೋರಾಟಗಳ ಹಣವನ್ನು, ಊಟವನ್ನು, ವೇದಿಕೆಯ ಶಾಲನ್ನು ಅದೇ ಕಣ್ಣಿನಿಂದ ನೋಡಲು ಇನ್ನೂ ಕಲಿತಿಲ್ಲ ಎಂದು ನನಗೆ ಅನಿಸುತ್ತದೆ. ಎರಡೂ ಆಹ್ವಾನಗಳನ್ನು ನಿರಾಕರಿಸಿದ ಪತ್ರದ ಪ್ರತಿಯನ್ನು ಸಂಪಾದಕರಿಗೆ ಕಳುಹಿಸಿದೆ. ಘಟಕವನ್ನು ಬಳಿಕ ಪತ್ರಿಕೆಯ ಖರ್ಚಿನಲ್ಲಿ, ರೈಲಿನಲ್ಲಿ ಹೋಗಿ ನೋಡಿ ಬಂದೆ.

ಪರೀಕ್ಷೆಯ ವೆಚ್ಚದ ಬಗ್ಗೆ ಅನೇಕರು ಕೇಳುತ್ತಾರೆ. ನೀರಿನ ಸಾಮಾನ್ಯ ಗುಣಗಳ ಪರೀಕ್ಷೆ ಒಂದು ಮಾದರಿಗೆ ಒಂದೆರಡು ಸಾವಿರದಲ್ಲಿ ಮುಗಿಯಿತು. ಭಾರಲೋಹಗಳನ್ನೂ ಸೇರಿಸಿದಾಗ ಅದಕ್ಕೆ ಹಲವು ಪಟ್ಟು ಏರಿತು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ, ಅಂದರೆ ಎನ್‌ಎಬಿಎಲ್‌ನ, ಮಾನ್ಯತೆ ಇರುವ ಪ್ರಯೋಗಾಲಯವನ್ನೇ ಆರಿಸಿ, ಮತ್ತು ಮಾನ್ಯತೆ ನಿಮಗೆ ಬೇಕಾದ ಆ ನಿರ್ದಿಷ್ಟ ಪರೀಕ್ಷೆಗೂ ಇದೆಯೇ ಎಂದು ಪ್ರಮಾಣಪತ್ರದ ವ್ಯಾಪ್ತಿಯನ್ನು ಓದಿ. ಪ್ರಯೋಗಾಲಯದ ಅರ್ಜಿಯಲ್ಲಿ "ಗ್ರಾಹಕರು" ಎಂಬ ಕಡೆ ಪತ್ರಿಕೆಯ ಹೆಸರು ಹಾಕಿಸಿದೆ. ಮಾದರಿಯನ್ನು ನಾನು ಬಾಟಲಿಯಲ್ಲಿ ತುಂಬಿಕೊಂಡು ಹೋಗಬಹುದಿತ್ತು, ಖರ್ಚೂ ಕಡಿಮೆಯಾಗುತ್ತಿತ್ತು. ಆದರೆ ಹಾಗೆ ಮಾಡಿದರೆ ವರದಿಯ ಮೇಲೆ "ಗ್ರಾಹಕರು ತಂದುಕೊಟ್ಟ ಮಾದರಿ" ಎಂದು ಅಚ್ಚಾಗುತ್ತದೆ; ನೀರು ಎಲ್ಲಿಯದು ಎಂಬುದಕ್ಕೆ ಪ್ರಯೋಗಾಲಯ ಹೊಣೆಯಲ್ಲ. ಜಮೀನಿನ ಹಕ್ಕಿರುವ ನನ್ನಂಥವಳ ಕೈಯಲ್ಲಿ ಬಾಟಲಿ ಇರಲೇಬಾರದು. ಆದ್ದರಿಂದ ಹೆಚ್ಚುವರಿ ಹಣ ಕೊಟ್ಟು ಅವರ ತಂತ್ರಜ್ಞರನ್ನೇ ಕರೆಸಿದೆವು.

ಆ ಯುವಕ ಕೆಲಸ ಮಾಡಿದ ರೀತಿಯನ್ನು ನಾನು ಹತ್ತಿರದಿಂದ ನೋಡಿದೆ. ಕೊಳವೆಬಾವಿಯ ಮೋಟಾರ್ ಚಾಲೂ ಮಾಡಿಸಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹೋಗುವವರೆಗೆ ಸುಮ್ಮನೆ ಕಾದ. ಲೋಹದ ಪರೀಕ್ಷೆಯ ಪ್ಲಾಸ್ಟಿಕ್ ಬಾಟಲಿಗೆ ನೈಟ್ರಿಕ್ ಆಮ್ಲದ ಹನಿಗಳನ್ನು ಹಾಕಿ ಆಮ್ಲೀಯತೆಯ ಅಳತೆಯಾದ ಪಿಎಚ್ 2ಕ್ಕಿಂತ ಕೆಳಗಿಳಿದದ್ದನ್ನು ಪರೀಕ್ಷಾ ಕಾಗದದ ಪಟ್ಟಿಯಲ್ಲಿ ನೋಡಿದ. ಹಾಗೆ ಮಾಡದಿದ್ದರೆ ಲೋಹದ ಅಂಶ ಬಾಟಲಿಯ ಗೋಡೆಗೆ ಅಂಟಿ ಲೆಕ್ಕದಲ್ಲಿ ಕಡಿಮೆ ಬರುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇರೆಯದೇ ಕ್ರಿಮಿರಹಿತ ಬಾಟಲಿ. ಮುಚ್ಚಳವನ್ನು ಕೆಳಗಿಡದೆ ಬೆರಳ ಸಂದಿಯಲ್ಲೇ ಹಿಡಿದುಕೊಂಡು ತುಂಬಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ. ಸಮಯ, ಜಾಗದ ಅಕ್ಷಾಂಶ-ರೇಖಾಂಶ, ಬಾಟಲಿಯ ಸಂಖ್ಯೆ ಬರೆದ ಹಾಳೆಗೆ ತೋಟದ ಯಜಮಾನರು, ಅವನು, ಪತ್ರಿಕೆಯ ಛಾಯಾಗ್ರಾಹಕರು ಸಹಿ ಹಾಕಿದರು. ನನ್ನ ಸಹಿಗೆ ಅಲ್ಲಿ ಜಾಗವಿರಲಿಲ್ಲ. ವರದಿಗಾರಿಕೆಯಲ್ಲಿ ನಿಷ್ಪಕ್ಷಪಾತ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಹಾಳೆಯನ್ನು ತೋರಿಸುತ್ತೇನೆ.

ಫಲಿತಾಂಶ ಬಂದ ಮೇಲೆ ಅದನ್ನು ಅರ್ಥಮಾಡಿಕೊಳ್ಳಲು ತಜ್ಞರು ಬೇಕು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು, ನೈಟ್ರೇಟ್ 45 ಮೀರಬಾರದು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ಆದರೆ ಹೆಚ್ಚಿನ ನೈಟ್ರೇಟ್ ಕೆರೆಯಿಂದ ಬಂತೋ, ತೋಟಕ್ಕೆ ಸುರಿದ ಯೂರಿಯಾದಿಂದ ಬಂತೋ, ಹಳ್ಳಿಯ ಶೌಚಗುಂಡಿಯಿಂದ ಬಂತೋ ಎಂದು ಒಂದು ಅಂಕಿ ಹೇಳಲಾರದು. ಹೀಗಾಗಿ ಅಂತರ್ಜಲ ತಿಳಿದವರನ್ನು ಕೇಳಬೇಕಾಯಿತು. ಪ್ರತಿಯೊಬ್ಬರಿಗೂ ಸಂದರ್ಶನಕ್ಕೆ ಮೊದಲೇ ಒಂದೇ ಪ್ರಶ್ನೆಗಳನ್ನು ಬರೆದು ಕಳುಹಿಸಿದೆ: ಈ ಯೋಜನೆಗೆ ಸಂಬಂಧಿಸಿ ಯಾರಿಂದಲಾದರೂ ಅನುದಾನ ಅಥವಾ ಸಲಹಾ ಶುಲ್ಕ ಪಡೆದಿದ್ದೀರಾ, ನ್ಯಾಯಾಲಯದಲ್ಲಿ ಯಾರ ಪರವಾಗಿಯಾದರೂ ಅಭಿಪ್ರಾಯ ಕೊಟ್ಟಿದ್ದೀರಾ, ಸಂಬಂಧಪಟ್ಟ ಸಮಿತಿಯಲ್ಲಿ ಇದ್ದೀರಾ, ನಿಮ್ಮ ಉತ್ತರವನ್ನು ನಿಮ್ಮ ಹೆಸರಿನ ಜೊತೆ ಪ್ರಕಟಿಸಬಹುದೇ. ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ಬಹಳ ಬೇಸರವಾಯಿತು. ಮೂವತ್ತು ವರ್ಷದ ಸೇವೆಯನ್ನು ನೀವು ಹೀಗೆ ಅಳೆಯುತ್ತೀರಾ ಎಂದು ಕೇಳಿ ಮಾತು ನಿಲ್ಲಿಸಿದರು. ಇನ್ನೊಬ್ಬರು ತಾವು ಯೋಜನೆ ನಡೆಸುವವರಿಂದಲೇ ಸಲಹಾ ಶುಲ್ಕ ಪಡೆದಿರುವುದಾಗಿ ನೇರವಾಗಿ ಹೇಳಿ, ಅದನ್ನು ಹಾಕಿಯೇ ನನ್ನ ಮಾತು ಹಾಕಿ ಎಂದರು. ಲೇಖನದಲ್ಲಿ ಅತ್ಯಂತ ಉಪಯುಕ್ತವಾದ ವಿವರಣೆ ಅವರದ್ದೇ.

ಇಂಥ ಪ್ರಶ್ನೆ ಕೇಳುವುದು ಅವಮಾನವಲ್ಲ ಎಂದು ಆ ಪ್ರಾಧ್ಯಾಪಕರಿಗೆ ಬರೆದ ಪತ್ರದಲ್ಲಿ ಎರಡು ಪ್ರಕರಣಗಳನ್ನು ನೆನಪಿಸಿದ್ದೆ. 1967ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಹಾರ್ವರ್ಡ್‌ನ ಸಂಶೋಧಕರು ಹೃದ್ರೋಗದ ಬಗ್ಗೆ ಬರೆದ ವಿಮರ್ಶಾ ಲೇಖನವು ಸಕ್ಕರೆಯ ಪಾತ್ರವನ್ನು ಹಗುರಗೊಳಿಸಿ ಕೊಬ್ಬಿನ ಕಡೆಗೆ ಬೆರಳು ತೋರಿಸಿತು. ಅದಕ್ಕೆ ಸಕ್ಕರೆ ಉದ್ಯಮದ ಸಂಘಟನೆ ಹಣ ಕೊಟ್ಟಿದ್ದ ಸಂಗತಿ ಹಳೆಯ ಪತ್ರಗಳ ಮೂಲಕ ವಿವರವಾಗಿ ಹೊರಬಿದ್ದದ್ದು 2016ರಲ್ಲಿ. ಆ ಪತ್ರಿಕೆ ಲೇಖಕರಿಂದ ಹಿತಾಸಕ್ತಿ ಘೋಷಣೆ ಕೇಳಲು ಆರಂಭಿಸಿದ್ದೇ 1984ರಲ್ಲಿ. ಎರಡನೆಯದು, ದಡಾರ ಸೇರಿದಂತೆ ಮೂರು ರೋಗಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಹುಟ್ಟಿಸಿದ, ಬರೀ 12 ಮಕ್ಕಳನ್ನು ಆಧರಿಸಿ 1998ರಲ್ಲಿ ಲ್ಯಾನ್ಸೆಟ್ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಬಂಧ. ಅದರ ಮುಖ್ಯ ಲೇಖಕ ಆಂಡ್ರ್ಯೂ ವೇಕ್‌ಫೀಲ್ಡ್ ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರ ಕಡೆಯಿಂದ ಹಣ ಪಡೆದಿದ್ದನ್ನು 2004ರಲ್ಲಿ ಬಯಲಿಗೆಳೆದವರು ಬ್ರಯಾನ್ ಡೀರ್ ಎಂಬ ಪತ್ರಕರ್ತ. ಲ್ಯಾನ್ಸೆಟ್ ಆ ಪ್ರಬಂಧವನ್ನು ಹಿಂತೆಗೆದುಕೊಂಡಿದ್ದು 2010ರಲ್ಲಿ. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಪತ್ರಿಕೆಗಳು ಸಮತೋಲನದ ಹೆಸರಿನಲ್ಲಿ ಲಸಿಕೆಯ ಪರ ಒಬ್ಬರನ್ನು, ವಿರೋಧ ಒಬ್ಬರನ್ನು ಕೂರಿಸಿ ಸಮ ಜಾಗ ಕೊಟ್ಟವು. ಹಣದ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ, ಸಾಕ್ಷ್ಯದ ತೂಕಕ್ಕೆ ತಕ್ಕ ಜಾಗ ಕೊಟ್ಟಿದ್ದರೆ, ಎಷ್ಟೋ ತಾಯಂದಿರ ಭಯ ತಪ್ಪುತ್ತಿತ್ತು.

ಈ ಸಮ ಜಾಗದ ವಾದ ನಮ್ಮಲ್ಲೂ ಎದ್ದಿತು. ಕರಡು ಓದಿದ ಉಪಸಂಪಾದಕರು ಪರ ಮತ್ತು ವಿರೋಧದ ಮಾತುಗಳು ಸಾಲುಗಳ ಲೆಕ್ಕದಲ್ಲಿ ಸಮನಾಗಿರಲಿ ಎಂದರು. ಅಳತೆ ಇರುವ ಮಾತಿಗೂ ಅಳತೆ ಇಲ್ಲದ ಮಾತಿಗೂ ಸಮ ಸಾಲು ಕೊಟ್ಟರೆ ಓದುಗರಿಗೆ ಅವೆರಡೂ ಒಂದೇ ತೂಕದವು ಎಂದು ಹೇಳಿದಂತಾಗುತ್ತದೆ. ನೀರಿನ ಮಟ್ಟ ಏರಿದ್ದಕ್ಕೆ ಅಳತೆ ಇದ್ದಲ್ಲಿ ಅದನ್ನು ಯೋಜನೆಯ ಪರವಾಗಿಯೂ, ಗುಣಮಟ್ಟದ ಬಗ್ಗೆ ಅಳತೆಯೇ ಸಾಲದಿದ್ದಲ್ಲಿ ಅದನ್ನು ವಿರೋಧಿಗಳ ನ್ಯಾಯವಾದ ಬೇಡಿಕೆಯಾಗಿಯೂ ಬರೆದೆ. ನಾವು ತೆಗೆಸಿದ ಬೆರಳೆಣಿಕೆಯ ಮಾದರಿಗಳಿಂದ ಇಡೀ ಜಿಲ್ಲೆಯ ಕೆರೆಗಳ ಬಗ್ಗೆ ಏನನ್ನೂ ತೀರ್ಮಾನಿಸಲಾಗದು ಎಂಬ ವಾಕ್ಯವನ್ನು ಮೊದಲ ಪುಟದಲ್ಲೇ ಉಳಿಸಿಕೊಳ್ಳಲು ಜಗಳವಾಡಬೇಕಾಯಿತು. ಲೇಖನಕ್ಕೆ ಮಾಹಿತಿ, ಹೇಳಿಕೆ ಕೊಟ್ಟವರು ಇಡೀ ಕರಡನ್ನು ತೋರಿಸಿ ಎಂದು ಕೇಳಿದಾಗ ನಾನು ಒಪ್ಪಲಿಲ್ಲ. ಅವರವರ ಹೇಳಿಕೆ ಮತ್ತು ತಾಂತ್ರಿಕ ವಾಕ್ಯಗಳನ್ನು ಮಾತ್ರ ಓದಿ ಹೇಳಿ ತಿದ್ದಿಸಿಕೊಂಡೆ.

ಇಷ್ಟೆಲ್ಲ ಆದ ಮೇಲೆ ಪತ್ರಿಕೆ ಕೈಗೆ ಬಂದಾಗ ಘೋಷಣೆಯ ಸಾಲುಗಳು ಇರಲಿಲ್ಲ. ಪುಟ ಕಟ್ಟುವಾಗ ಜಾಗ ಸಾಲದೆ ಕೊನೆಯ ಪ್ಯಾರಾದ ಕೆಳಗಿನ ಎರಡು ಸಾಲು ತೆಗೆದಿದ್ದರು. ಅದೇ ಲೇಖನದ ಎದುರಿನ ಪುಟದಲ್ಲಿ ಸರ್ಕಾರದ ನೀರಾವರಿ ಸಾಧನೆಯ ಪೂರ್ಣಪುಟ ಜಾಹೀರಾತು. ಜಾಹೀರಾತು ವಿಭಾಗಕ್ಕೂ ಲೇಖನಕ್ಕೂ ಸಂಬಂಧವಿರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಆದರೆ ಓದುಗರು ನಂಬಬೇಕಾದ ಕಾರಣವನ್ನು ನಾವು ಕೊಟ್ಟಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನ ಮನೆಯಲ್ಲಿ ಕೂತು ಪಡೆದ ಒಪ್ಪಿಗೆ, ಹಿರಿಯರಿಗೆ ಹೇಳಿದ "ಬೇಡ", ಎಲ್ಲವೂ ಆ ಎರಡು ಸಾಲಿಗಾಗಿ ಆಗಿತ್ತು.

ಬೆಳಿಗ್ಗೆ ಸಂಪಾದಕರಿಗೆ ಲಿಖಿತವಾಗಿ ಬರೆದೆ. ಇಲ್ಲೊಂದು ಮಾಹಿತಿ ಎಲ್ಲರಿಗೂ ಉಪಯೋಗವಾಗಬಹುದು: ಭಾರತೀಯ ಪತ್ರಿಕಾ ಮಂಡಳಿಗೆ ದೂರು ಒಯ್ಯುವವರು ಮೊದಲು ಸಂಪಾದಕರಿಗೆ ಬರೆದು ಉತ್ತರಕ್ಕೆ ಅವಕಾಶ ಕೊಟ್ಟಿರಬೇಕು, ದಿನಪತ್ರಿಕೆ ಮತ್ತು ವಾರಪತ್ರಿಕೆಗಳಾದರೆ ಪ್ರಕಟವಾದ 2 ತಿಂಗಳೊಳಗೆ ದೂರು ಸಲ್ಲಬೇಕು. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಸಂಪಾದಕರು ಮುಂದಿನ ಸಂಚಿಕೆಯಲ್ಲಿ, ಲೇಖನ ಬಂದಿದ್ದ ಪುಟದಲ್ಲೇ, ಬಿಟ್ಟುಹೋದ ಘೋಷಣೆಯನ್ನೂ ಪರೀಕ್ಷೆಯ ವೆಚ್ಚ ಪತ್ರಿಕೆಯದೆಂಬುದನ್ನೂ ಚೌಕದಲ್ಲಿ ಹಾಕಿದರು. ಘೋಷಣೆಯನ್ನು ಲೇಖನದ ಕೊನೆಯಲ್ಲಿಡಬೇಡಿ, ಹೆಸರಿನ ಕೆಳಗೇ ಇಡಿ. ಕತ್ತರಿ ಮೊದಲು ಬೀಳುವುದು ಬಾಲದ ಮೇಲೆ.

ಬಂದ ಪತ್ರಗಳಲ್ಲಿ ಕೆಲವು ಕಟುವಾಗಿದ್ದವು. ಜಮೀನಿರುವವಳು ಇನ್ನೇನು ಬರೆದಾಳು ಎಂದು ಒಬ್ಬರು, ಪರೀಕ್ಷೆಯನ್ನು ನಿಲ್ಲಿಸದೆ ಮುಂದುವರಿಸಿ ಎಂದು ಹಲವರು. ಮೊದಲನೆಯವರಿಗೆ ಮಾದರಿ ಹಾಳೆಯ ಪ್ರತಿಯನ್ನೂ ಪ್ರಯೋಗಾಲಯದ ವರದಿಗಳನ್ನೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಅಣ್ಣನ ಟೊಮೆಟೊಗೆ ಆ ವಾರ ಮಂಡಿಯಲ್ಲಿ ಎಲ್ಲರಿಗೂ ಸಿಕ್ಕ ಬೆಲೆಯೇ ಸಿಕ್ಕಿತು.

ಪತ್ರಿಕೆಯವರು ಈಗ ವಿಜ್ಞಾನ, ಆರೋಗ್ಯ, ಕೃಷಿ ಬರಹಗಾರರಿಗೆಲ್ಲ ಒಂದು ಪುಟದ ಘೋಷಣಾ ನಮೂನೆ ಮಾಡಿದ್ದಾರೆ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಹೂ ಬರಿಸಲು ಬಳಸುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ರಾಸಾಯನಿಕದ ಬಗ್ಗೆ ಬರೆಯಲು ಕೇಳಿ ಅದನ್ನು ನನಗೂ ಕಳುಹಿಸಿದರು. ಅದರಲ್ಲಿ ಬರಹಗಾರರು ಮತ್ತು ಅವರ ಪತಿ ಅಥವಾ ಪತ್ನಿಯ ವಿವರಕ್ಕೆ ಮಾತ್ರ ಜಾಗವಿದೆ. ಅತ್ತಿಗೆಯ ತಮ್ಮ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ನಡೆಸುತ್ತಾನೆ. ಆ ಸಾಲನ್ನು ಅಂಚಿನಲ್ಲಿ ಕೈಬರಹದಲ್ಲಿ ಸೇರಿಸಿ, ಬಂಧುಗಳ ವ್ಯಾಪಾರಕ್ಕೂ ನಮೂನೆಯಲ್ಲಿ ಒಂದು ಕಾಲಂ ಇರಲಿ ಎಂಬ ಕೋರಿಕೆಯೊಂದಿಗೆ ನಿನ್ನೆ ವಾಪಸ್ ಕಳುಹಿಸಿದ್ದೇನೆ.